ಕೆಲಸದ ದಾರಿಗೊಂದು ನಕ್ಷೆ

ಇವತ್ತಿನ ಮಾತಿಗೆ ಒಂದು ಹಾಳೆ ಕಾಗದ, ಒಂದು ಪೆನ್ಸಿಲು ಬೇಕು. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರನ್ನೂ ಹತ್ತಿರ ಕರೆಯಿರಿ. ರೇಡಿಯೋದಲ್ಲಿ ಚಿತ್ರ ತೋರಿಸುವುದು ಹೇಗೆ ಎಂದು ನಗಬೇಡಿ. ನಾನು ಹೇಳುತ್ತಾ ಹೋಗುತ್ತೇನೆ, ನೀವು ಬಿಡಿಸುತ್ತಾ ಬನ್ನಿ.

ಫ್ಲೋಚಾರ್ಟ್ ಎಂಬ ಮಾತನ್ನು ಮಕ್ಕಳ ಕಂಪ್ಯೂಟರ್ ಪಾಠದಲ್ಲಿ ನೀವು ಕೇಳಿರಬಹುದು. ಕನ್ನಡದಲ್ಲಿ ಹರಿವಿನ ನಕ್ಷೆ ಎನ್ನೋಣ. ಅಡಿಕೆ ತೋಟದ ಕಣಿಯಲ್ಲಿ ನೀರು ಎಲ್ಲಿಂದ ಹೊರಟಿತು, ಎಲ್ಲಿ ಕವಲಾಯಿತು, ಕೊನೆಗೆ ಯಾವ ತೋಡಿಗೆ ಬಿತ್ತು ಎಂದು ನಾವು ನೋಡುತ್ತೇವಲ್ಲ, ಹಾಗೆಯೇ ಒಂದು ಕೆಲಸ ಯಾರ ಕೈಯಿಂದ ಯಾರ ಕೈಗೆ ಹರಿಯುತ್ತದೆ ಎಂಬುದನ್ನು ಬಾಣದ ಗೆರೆಗಳಲ್ಲಿ ತೋರಿಸುವ ಚಿತ್ರ ಇದು. ಕಂಪ್ಯೂಟರಿನವರು ಕಂಡುಹಿಡಿದದ್ದು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಎಂಬವರು ಮೊದಲು ಇಟ್ಟಿಗೆ ಕಟ್ಟುವ ಕೆಲಸ ಮಾಡುತ್ತಿದ್ದವರು. ಒಂದು ಇಟ್ಟಿಗೆ ಇಡಲು ಕೈ ಮೈ ಎಷ್ಟು ಸಲ ಆಡುತ್ತದೆ ಎಂದು ಎಣಿಸಿ, ವ್ಯರ್ಥವಾದವನ್ನು ತೆಗೆದವರು. ಅವರೂ ಅವರ ಹೆಂಡತಿ ಲಿಲಿಯನ್ ಅವರೂ ಸೇರಿ 1921ರಲ್ಲಿ ಇಂಥ ನಕ್ಷೆಯ ಕ್ರಮವನ್ನು ಅಲ್ಲಿನ ಯಂತ್ರ ಎಂಜಿನಿಯರರ ಸಂಘದ ಮುಂದಿಟ್ಟರು. ಗಾರೆ ಕೆಲಸದಿಂದ ಹುಟ್ಟಿದ ವಿದ್ಯೆ ಎಂದ ಮೇಲೆ ನಮಗೂ ನಿಮಗೂ ಬಾರದೆ ಏನು?

ಗುರುತುಗಳು ನಾಲ್ಕೇ. ಮೊಟ್ಟೆಯ ಆಕಾರ ಬರೆದರೆ ಅದು ಕೆಲಸದ ಆರಂಭ ಅಥವಾ ಕೊನೆ. ಉದ್ದ ಚೌಕ ಬರೆದರೆ ಅದರೊಳಗೆ ಮಾಡುವ ಒಂದು ಕೆಲಸ. ಇಸ್ಪೀಟಿನ ಡೈಮನ್ ಎಲೆಯ ಗುರುತಿನ ಹಾಗೆ ಬರೆದರೆ ಅದರೊಳಗೆ ಒಂದು ಪ್ರಶ್ನೆ. ಉತ್ತರ ಹೌದು ಅಥವಾ ಇಲ್ಲ, ಎರಡೇ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಬಾಣದ ಗೆರೆ. ಇನ್ನೂ ಹಲವು ಗುರುತುಗಳಿವೆ, ಆದರೆ ಮನೆಯ ಮಟ್ಟಿಗೆ ಇಷ್ಟು ಸಾಕು. ಹೆಚ್ಚು ಗುರುತು ಬಳಸಿದಷ್ಟೂ ಓದುವವರು ಕಡಿಮೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಬಹಳ ವರ್ಷ ಕುಳಿತವನಾದ್ದರಿಂದ ಮೊದಲ ಉದಾಹರಣೆಯನ್ನು ಅಲ್ಲಿಂದಲೇ ಕೊಡುತ್ತೇನೆ. ಕಂಪ್ಯೂಟರ್ ಬರುವ ಮುಂಚೆ ನೀವು ಚೆಕ್ಕು ಕೊಟ್ಟು ಹಣ ತೆಗೆಯುತ್ತಿದ್ದದ್ದು ನೆನಪಿದೆಯೆ? ಕೌಂಟರಿನಲ್ಲಿ ಚೆಕ್ಕು ತೆಗೆದುಕೊಂಡು ಹಿತ್ತಾಳೆಯ ಟೋಕನ್ ಕೊಡುತ್ತಿದ್ದರು. ಅಲ್ಲಿಗೆ ಒಂದು ಚೌಕ. ಲೆಜ್ಜರು ತೆಗೆದು ನೋಡುವುದು, ಹಣ ಇದೆಯೆ? ಒಂದು ಡೈಮನ್. ಇಲ್ಲವಾದರೆ ಚೆಕ್ಕು ವಾಪಸು. ಇದ್ದರೆ ಲೆಜ್ಜರಿನಲ್ಲಿ ಬರೆದು ಅಧಿಕಾರಿಯ ಮೇಜಿಗೆ. ಅಲ್ಲಿ ಸಹಿ ಹೊಂದುತ್ತದೆಯೆ? ಇನ್ನೊಂದು ಡೈಮನ್. ಹೊಂದಿದರೆ ಕ್ಯಾಷಿಯರ್ ಕಡೆಗೆ, ಅವರು ಟೋಕನ್ ನಂಬರು ಕೂಗಿ ಹಣ ಎಣಿಸಿ ಕೊಟ್ಟರೆ ಕೊನೆಯ ಮೊಟ್ಟೆ. ಬೆಂಚಿನ ಮೇಲೆ ಕುಳಿತು ಕಾಯುವವರಿಗೆ ಕಾಣುತ್ತಿದ್ದದ್ದು ಟೋಕನ್ ಮತ್ತು ಕ್ಯಾಷಿಯರ್ ಮಾತ್ರ. ನಡುವೆ ಏನು ನಡೆಯುತ್ತದೆಂದು ತಿಳಿಯದೆ, ನಾವು ಒಳಗೆ ಚಹಾ ಕುಡಿಯುತ್ತಾ ಕುಳಿತಿದ್ದೇವೆ ಎಂದು ಬೈಯುತ್ತಿದ್ದವರೂ ಇದ್ದರು. ಚಹಾ ಕುಡಿಯುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ.

ಈಗ ನಮ್ಮ ಮನೆಗಳಿಗೆ ನಿಜವಾಗಿ ಬೇಕಾದ ನಕ್ಷೆಗೆ ಬರೋಣ. ಮನೆಯ ಯಜಮಾನ ತೀರಿಕೊಂಡ ಮೇಲೆ ಅವರ ಬ್ಯಾಂಕಿನ ಹಣವನ್ನು ಮನೆಯವರು ಪಡೆಯುವ ದಾರಿ. ಅಪಶಕುನದ ಮಾತು ಎಂದು ರೇಡಿಯೋ ಬಂದ್ ಮಾಡಬೇಡಿ. ದೇಶದ ಬ್ಯಾಂಕುಗಳಲ್ಲಿ ಯಾರೂ ಕೇಳದೆ ಬಿದ್ದಿದ್ದ ಠೇವಣಿ 2023ರ ಮಾರ್ಚ್ ಕೊನೆಗೆ 42,270 ಕೋಟಿ ರೂಪಾಯಿ ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತ್ತು. ಇದರಲ್ಲಿ ಸತ್ತವರ ಹಣ ಇಷ್ಟೇ ಎಂದು ಯಾರೂ ಬೇರೆ ಮಾಡಿ ಹೇಳಿಲ್ಲ. ಆದರೆ ಬೇಡ ಎಂದು ಹಣ ಬಿಟ್ಟವರು ಯಾರೂ ಇರಲಾರರು. ಎಲ್ಲೋ ಒಂದು ಕಡೆ ದಾರಿ ಕಟ್ಟಿದೆ.

ನಮ್ಮ ಕಡೆ ಎಲ್ಲಿ ಕಟ್ಟುತ್ತದೆ ಎಂಬುದಕ್ಕೆ ಒಂದು ಸಂಗತಿ ಕೇಳಿ. ಕಾಸರಗೋಡು ತಾಲೂಕಿನ ಒಂದು ಹಳ್ಳಿಯ ಹೆಂಗಸು, ಹೆಸರು ಬೇಡ. ಗಂಡ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಬ್ಯಾಂಕಿಗೆ ಹೋದರು, ಮರಣ ಸರ್ಟಿಫಿಕೇಟು ತನ್ನಿ ಎಂದರು. ಪಂಚಾಯತಿಗೆ ಹೋದರು, ಇಲ್ಲಿ ಆದ ಮರಣ ಅಲ್ಲ, ನಮ್ಮಲ್ಲಿ ಆಗುವುದಿಲ್ಲ ಎಂದರು. ಪುನಃ ಬ್ಯಾಂಕಿಗೆ ಬಂದರು. ಸರ್ಟಿಫಿಕೇಟು ಇಲ್ಲದೆ ಆಗುವುದಿಲ್ಲ ಎಂದರು. ಆಮೇಲೆ ಅವರು ಯಾರ ಬಳಿಗೂ ಹೋಗಲಿಲ್ಲ. ನನ್ನ ಹತ್ತಿರ ಮಾತಾಡುವಾಗ, “ಎಂತ ಮಾಡುವುದು ಅಣ್ಣ, ಹೋದಲ್ಲೆಲ್ಲ ಇಲ್ಲಿ ಅಲ್ಲ ಅಂತ ಹೇಳ್ತಾರೆ. ಎಲ್ಲಿ ಅಂತ ಯಾರೂ ಹೇಳುವುದಿಲ್ಲ” ಎಂದರು. ಪಂಚಾಯತಿನವರು ಹೇಳಿದ್ದು ಸುಳ್ಳಲ್ಲ, ಬ್ಯಾಂಕಿನವರು ಹೇಳಿದ್ದೂ ಸುಳ್ಳಲ್ಲ. ಇಬ್ಬರೂ ತಮ್ಮ ತಮ್ಮ ಡೈಮನ್ನಿನಿಂದ “ಇಲ್ಲ” ಎಂಬ ಗೆರೆ ಎಳೆದು, ಅದನ್ನು ಗಾಳಿಯಲ್ಲಿ ಬಿಟ್ಟಿದ್ದರು, ಅಷ್ಟೆ.

ಆದ್ದರಿಂದ ನಕ್ಷೆ ಬರೆಯುವವರಿಗೆ ಇರುವ ದೊಡ್ಡ ನಿಯಮ ಇದು: ಪ್ರತಿಯೊಂದು ಪ್ರಶ್ನೆಯಿಂದ ಎರಡು ಬಾಣ ಹೊರಡಬೇಕು, “ಇಲ್ಲ” ಎಂಬ ಬಾಣವೂ ಯಾವುದಾದರೊಂದು ಚೌಕಕ್ಕೆ ಹೋಗಿ ಮುಟ್ಟಲೇಬೇಕು. ಕಚೇರಿಗಳಲ್ಲಿ ತೂಗಹಾಕಿದ ಎಷ್ಟೋ ನಕ್ಷೆಗಳನ್ನು ನಾನು ನೋಡಿದ್ದೇನೆ. “ಹೌದು” ಎಂಬ ಗೆರೆ ಚೆಂದವಾಗಿ ಕೆಳಗಿಳಿಯುತ್ತದೆ. “ಇಲ್ಲ” ಎಂಬುದಕ್ಕೆ ಜಾಗವೇ ಇರುವುದಿಲ್ಲ. ಅದು ಎಲ್ಲವೂ ಸರಿ ಇದ್ದವರ ನಕ್ಷೆ. ಎಲ್ಲವೂ ಸರಿ ಇದ್ದವರಿಗೆ ನಕ್ಷೆ ಯಾಕೆ?

ಬರೆಯಲು ಕುಳಿತ ಕೂಡಲೆ ಹಾಳೆಯ ಮೇಲೆ ಗೆರೆ ಎಳೆಯಬೇಡಿ. ಮೊದಲು ಕ್ಯಾಲೆಂಡರಿನ ಹಿಂಬದಿ ಕತ್ತರಿಸಿ ಹದಿನೈದಿಪ್ಪತ್ತು ಚೀಟಿ ಮಾಡಿ. ಒಂದು ಚೀಟಿಗೆ ಒಂದೇ ಕೆಲಸ. ಈ ಕೆಲಸವನ್ನು ಇತ್ತೀಚೆಗೆ ಮಾಡಿ ಮುಗಿಸಿದವರು ಊರಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಅವರ ಹತ್ತಿರ ಕುಳಿತು, ಮೊದಲು ಎಲ್ಲಿಗೆ ಹೋದಿರಿ, ಅಲ್ಲಿ ಏನು ಕೇಳಿದರು, ಯಾವ ಕಾಗದ ವಾಪಸು ಬಂತು ಎಂದು ಕೇಳಿ. ನಿಯಮದ ಪುಸ್ತಕ ಆಮೇಲೆ ನೋಡಿದರೆ ಸಾಕು. ಅದರಲ್ಲಿ ನಡೆಯಬೇಕಾದದ್ದು ಇರುತ್ತದೆ, ನಡೆದದ್ದು ನಡೆದವರ ಕಾಲಿಗೆ ಗೊತ್ತಿರುತ್ತದೆ. ಚೀಟಿಗಳನ್ನು ನೆಲದ ಮೇಲೆ ಹರಡಿ, ಗಾಳಿಗೆ ಹಾರದಂತೆ ಒಂದೊಂದು ಅಡಿಕೆ ಇಟ್ಟು, ಹಿಂದುಮುಂದು ಸರಿಸಿ ನೋಡಿ. ಸಾಲು ಸರಿ ಕಂಡ ಮೇಲೆ ಹಾಳೆಗೆ ಇಳಿಸಿ.

ಹಾಳೆಯನ್ನು ಮೇಲಿನಿಂದ ಕೆಳಗೆ ನಾಲ್ಕು ಕಾಲಮ್ಮು ಮಾಡಿ. ಮನೆ, ಮರಣ ನೋಂದಣಿ ಕಚೇರಿ, ವಿಲೇಜ್ ಆಫೀಸು, ಬ್ಯಾಂಕು. ಯಾರ ಕೆಲಸವೋ ಅವರ ಕಾಲಮ್ಮಿನಲ್ಲೇ ಚೌಕ ಬರಬೇಕು. ಬಾಣ ಒಂದು ಕಾಲಮ್ಮಿನಿಂದ ಇನ್ನೊಂದಕ್ಕೆ ದಾಟುವ ಜಾಗವೆಲ್ಲ ನೀವು ಬಸ್ಸು ಹತ್ತುವ ಜಾಗ. ಹಾಗಾಗಿ ದಾಟುವಿಕೆ ಕಡಿಮೆಯಾಗುವಂತೆ ಕೆಲಸಗಳನ್ನು ಜೋಡಿಸಿದರೆ ಬಸ್ಸಿನ ಹಣವೂ ಕೂಲಿಯ ದಿನವೂ ಉಳಿಯುತ್ತದೆ.

ಮೇಲೆ ಮೊಟ್ಟೆ, ಒಳಗೆ “ಮರಣ”. ಕೆಳಗೆ ಮೊದಲ ಡೈಮನ್: ಮರಣ ನಮ್ಮ ಪಂಚಾಯತಿನ ಒಳಗೆ ಆದದ್ದೋ? ಹೌದಾದರೆ ಪಂಚಾಯತಿಗೆ, 21 ದಿನಗಳ ಒಳಗೆ ತಿಳಿಸಬೇಕು. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಮರಣ ಎಲ್ಲಿ ಆಯಿತೋ ಅಲ್ಲೇ ನೋಂದಣಿ, ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. ಆದ್ದರಿಂದ “ಇಲ್ಲ” ಎಂಬ ಬಾಣ ಆಸ್ಪತ್ರೆ ಇರುವ ಊರಿನ ನೋಂದಣಿ ಕಚೇರಿಗೆ ಹೋಗಬೇಕು. ಮಂಗಳೂರು ನಗರದ ಒಳಗಾದರೆ ಮಹಾನಗರ ಪಾಲಿಕೆ, ನಗರದ ಹೊರಗಾದರೆ ಅಲ್ಲಿಯ ಕಚೇರಿ. ಆಸ್ಪತ್ರೆಯಲ್ಲಿ ಆದ ಮರಣವನ್ನು ತಿಳಿಸುವ ಹೊಣೆ ಆಸ್ಪತ್ರೆಯದ್ದೇ. ಹೆಣ ತರುವ ಗಡಿಬಿಡಿಯಲ್ಲಿ ಆಸ್ಪತ್ರೆಯವರು ಹೆಸರು, ವಿಳಾಸ ಕೇಳಿ ಬರೆದುಕೊಳ್ಳುತ್ತಾರೆ. ಆ ಹೊತ್ತಿಗೆ ಮನಸ್ಸು ಗಟ್ಟಿ ಇರುವ ಒಬ್ಬರು ಮುಂದೆ ನಿಂತು, ಆಧಾರ್ ಕಾರ್ಡು ನೋಡಿ ಅಕ್ಷರ ಅಕ್ಷರ ಸರಿಯಾಗಿ ಬರೆಸಬೇಕು. ಸರ್ಟಿಫಿಕೇಟು ಯಾವ ಕಚೇರಿಯಿಂದ ಸಿಗುತ್ತದೆ ಎಂದೂ ಆಗಲೇ ಕೇಳಿಕೊಳ್ಳಬೇಕು. ಕರ್ನಾಟಕದಲ್ಲಿ ಕೊಟ್ಟ ಸರ್ಟಿಫಿಕೇಟು ಕೇರಳದ ಬ್ಯಾಂಕಿನಲ್ಲಿ ನಡೆಯುತ್ತದೆ. ಕಾಯಿದೆ ದೇಶಕ್ಕೆಲ್ಲ ಒಂದೇ. ಹೆಚ್ಚು ಪ್ರತಿಗಳನ್ನು ಒಟ್ಟಿಗೇ ತೆಗೆದಿಟ್ಟುಕೊಳ್ಳಿ.

ಎರಡನೆಯ ಡೈಮನ್: ಸರ್ಟಿಫಿಕೇಟಿನ ಹೆಸರೂ ಪಾಸ್‌ಬುಕ್ಕಿನ ಹೆಸರೂ ಒಂದೇ ಆಗಿದೆಯೋ? ನಮ್ಮ ಗಡಿಯ ಜನಕ್ಕೆ ಇದೊಂದು ದೊಡ್ಡ ತೊಡಕು. ಒಂದು ಕಡೆ ತಂದೆಯ ಹೆಸರಿನ ಅಕ್ಷರ ಮುಂದೆ, ಇನ್ನೊಂದು ಕಡೆ ಮನೆತನದ ಹೆಸರಿನ ಅಕ್ಷರ ಹಿಂದೆ. ಒಂದರಲ್ಲಿ ಭಟ್ಟ ಇದೆ, ಒಂದರಲ್ಲಿ ಇಲ್ಲ. ಮಮ್ಮದೆ ಎಂದು ಕರೆದವರು ಕಾಗದದಲ್ಲಿ ಮುಹಮ್ಮದ್. “ಇಲ್ಲ” ಎಂಬ ಬಾಣ ವಿಲೇಜ್ ಆಫೀಸಿಗೆ ಹೋಗಲಿ. ಎರಡು ಹೆಸರಿನವರೂ ಒಬ್ಬರೇ ಎಂದು ಅಲ್ಲಿ ಕೊಡುವ ಕಾಗದಕ್ಕೆ ವನ್ ಅಂಡ್ ಸೇಮ್ ಸರ್ಟಿಫಿಕೇಟ್ ಎಂದೇ ಹೆಸರು.

ಮೂರನೆಯದು: ಖಾತೆ ಇಬ್ಬರ ಹೆಸರಿನಲ್ಲಿ, ಇಬ್ಬರಲ್ಲಿ ಉಳಿದವರಿಗೆ ಎಂಬ ಕರಾರಿನೊಂದಿಗೆ ಇದೆಯೋ? ಇದ್ದರೆ ಉಳಿದವರಿಗೆ ಹಣ, ತಲೆಬಿಸಿ ಇಲ್ಲ. ಇಲ್ಲವಾದರೆ ನಾಲ್ಕನೆಯ ಪ್ರಶ್ನೆ: ನಾಮಿನಿ ಇದ್ದಾರೋ? ಇದ್ದರೆ ನಾಮಿನಿಯ ಅರ್ಜಿ, ಮರಣ ಸರ್ಟಿಫಿಕೇಟು, ನಾಮಿನಿಯ ಗುರುತಿನ ಕಾಗದ. ಇಷ್ಟರ ಮೇಲೆ ವಾರಸು ಸರ್ಟಿಫಿಕೇಟು ತನ್ನಿ, ಜಾಮೀನು ತನ್ನಿ ಎಂದು ಬ್ಯಾಂಕು ಕೇಳುವ ಹಾಗಿಲ್ಲ. 2025ರ ನವೆಂಬರ್ 1ರಿಂದ ಒಂದು ಠೇವಣಿ ಖಾತೆಗೆ ನಾಲ್ಕು ಜನರ ತನಕ ನಾಮಿನಿ ಮಾಡಬಹುದು, ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು. ಆದರೆ ಒಂದು ಮಾತು. ನಾಮಿನಿ ಎಂದರೆ ಹಣ ಕೈಗೆ ತೆಗೆದುಕೊಳ್ಳುವವರು. ಹಣದ ಒಡೆಯರು ವಾರಸುದಾರರೇ. ಇದನ್ನು ತಿಳಿಯದೆ ಅಣ್ಣ ತಮ್ಮಂದಿರು ಮಾತು ಬಿಟ್ಟ ಮನೆಗಳಿವೆ. ಚೌಕದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿಡಿ.

ನಾಮಿನಿ ಇಲ್ಲವಾದರೆ? ಇಲ್ಲಿಯೇ ಜನ ಕೈಬಿಡುವುದು, ಕೋರ್ಟಿಗೆ ಹೋಗಬೇಕಾದೀತು ಎಂಬ ಹೆದರಿಕೆಯಿಂದ. ಐದನೆಯ ಡೈಮನ್ ಬರೆಯಿರಿ: ಹಣ ಮಿತಿಯ ಒಳಗೆ ಇದೆಯೋ? ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನದಂತೆ ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ, ಬೇರೆ ಬ್ಯಾಂಕುಗಳಲ್ಲಿ 15 ಲಕ್ಷ ರೂಪಾಯಿಯ ತನಕ ಸರಳ ದಾರಿ ಇದೆ. ಬ್ಯಾಂಕು ಬೇಕಾದರೆ ಮಿತಿಯನ್ನು ಇನ್ನೂ ಹೆಚ್ಚಿಸಬಹುದು. 2026ರ ಮಾರ್ಚ್ 31ರೊಳಗೆ ಎಲ್ಲ ಬ್ಯಾಂಕುಗಳೂ ಇದನ್ನು ಜಾರಿಗೆ ತರಬೇಕೆಂದು ಗಡುವು ಕೊಟ್ಟದ್ದು. ಮಿತಿಯ ಒಳಗಾದರೆ ಅರ್ಜಿ, ಮರಣ ಸರ್ಟಿಫಿಕೇಟು, ಗುರುತಿನ ಕಾಗದ, ಮುಂದೆ ತಕರಾರು ಬಂದರೆ ನಾವು ಹೊಣೆ ಎಂಬ ಮುಚ್ಚಳಿಕೆ, ಹಣ ಬೇಡವೆನ್ನುವ ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಮತ್ತು ವಾರಸು ಸರ್ಟಿಫಿಕೇಟು. ಅದಿಲ್ಲದಿದ್ದರೆ ವಾರಸುದಾರರು ಯಾರು ಯಾರು ಎಂದು ಮನೆಯನ್ನು ಚೆನ್ನಾಗಿ ಬಲ್ಲ ಹೊರಗಿನವರೊಬ್ಬರು ಕೊಡುವ ಹೇಳಿಕೆ ಸಾಕು. ತಕರಾರೇ ಇಲ್ಲದ ಮನೆಗೆ ಕೋರ್ಟು ಬೇಡ. ಮಿತಿ ಮೀರಿದರೆ ದಾರಿ ಉದ್ದ, ಅದಕ್ಕೆ ಬೇರೆ ಹಾಳೆ ಮಾಡಿ ವಕೀಲರನ್ನೋ ಬ್ಯಾಂಕಿನವರನ್ನೋ ಕೇಳಿ ತುಂಬಿಸಿ.

ಇಲ್ಲಿ ಗಮನಿಸಬೇಕಾದದ್ದು, ಹಳ್ಳಿಯ ಸೇವಾ ಸಹಕಾರಿ ಸಂಘವನ್ನು ನಾವು ಬಾಯಿಮಾತಿಗೆ ಬ್ಯಾಂಕು ಎಂದರೂ ಅದಕ್ಕೆ ರಿಸರ್ವ್ ಬ್ಯಾಂಕಿನ ಈ ನಿಯಮ ಹತ್ತುವುದಿಲ್ಲ. ರಾಜ್ಯದ ಸಹಕಾರಿ ಕಾಯಿದೆಯೂ ಸಂಘದ ಬೈಲಾವೂ ಅಲ್ಲಿ ನಡೆಯುತ್ತವೆ. ಕಾರ್ಯದರ್ಶಿಯವರನ್ನು ಕೇಳಿ ಅದಕ್ಕೂ ಬೇರೆಯೇ ನಕ್ಷೆ ಮಾಡಬೇಕು.

ಇನ್ನೊಂದು ಡೈಮನ್ನನ್ನು ಬ್ಯಾಂಕಿನವರು ತಾವಾಗಿ ಕೇಳದೆ ಇರಬಹುದು. ನೀವೇ ಬರೆಯಬೇಕು. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ, ಮೇ ಜೂನ್ ಹೊತ್ತಿಗೆ, 436 ರೂಪಾಯಿ ಅಥವಾ 20 ರೂಪಾಯಿ ಕಡಿತವಾಗಿದೆಯೋ? 436 ಎಂದರೆ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. ಯಾವ ಕಾರಣದ ಮರಣವಾದರೂ 2 ಲಕ್ಷ ರೂಪಾಯಿ, ಹೊಸದಾಗಿ ಸೇರಿದ ಮೊದಲ 30 ದಿನ ಅಪಘಾತಕ್ಕೆ ಮಾತ್ರ. 20 ಎಂದರೆ ಸುರಕ್ಷಾ ವಿಮೆ, ಅಪಘಾತದ ಮರಣಕ್ಕೆ 2 ಲಕ್ಷ. ಎರಡೂ 2015ರಲ್ಲಿ ಆರಂಭವಾದವು, ಈ ದರ ಬಂದದ್ದು 2022ರಲ್ಲಿ. ಖಾತೆಯಲ್ಲಿ ಮುನ್ನೂರು ರೂಪಾಯಿ ಇದೆ, ಅದಕ್ಕೆ ಯಾಕೆ ಓಡಾಟ ಎಂದು ಪಾಸ್‌ಬುಕ್ಕನ್ನು ಒಲೆಗೆ ಹಾಕುವ ಮೊದಲು ಈ ಒಂದು ಪ್ರಶ್ನೆ ಕೇಳಿಕೊಳ್ಳಿ.

ಅರ್ಜಿ ಕೊಟ್ಟ ಮೇಲೆ ಒಂದು ಚೌಕವನ್ನು ದಪ್ಪ ಗೆರೆಯಿಂದ ಬರೆಯಿರಿ: ತಾರೀಕು ಹಾಕಿದ ರಸೀತಿ ಪಡೆಯುವುದು. ಎಲ್ಲ ಕಾಗದ ಸೇರಿದ ದಿನದಿಂದ 15 ದಿನಗಳ ಒಳಗೆ ಬ್ಯಾಂಕು ಕೆಲಸ ಮುಗಿಸಬೇಕು, ತನ್ನಿಂದ ತಡವಾದರೆ ಪರಿಹಾರವಾಗಿ ಬಡ್ಡಿ ಕೊಡಬೇಕು. ರಸೀತಿ ಇಲ್ಲದಿದ್ದರೆ ಎಣಿಕೆ ಎಲ್ಲಿಂದ? ಕಾಗದ ಸಾಲದು ಎಂದರೆ ಯಾವುದು ಸಾಲದು ಎಂದು ಬರೆದುಕೊಡಿ ಎಂದು ವಿನಯದಿಂದಲೇ ಕೇಳಿ. ನಕ್ಷೆಯಲ್ಲಿ ಆ ಬಾಣ ಮೇಲಿನ ಮೊಟ್ಟೆಗೆ ಹೋಗಬಾರದು, ಆ ಒಂದು ಕಾಗದದ ಚೌಕಕ್ಕೆ ಮಾತ್ರ ಹೋಗಬೇಕು. ಮೊದಲಿಂದ ಸುತ್ತಿಸುವ ಬಾಣ ಗಾಣದ ಎತ್ತಿಗೆ ಸರಿ.

ನಡೆದದ್ದನ್ನು ನಡೆದಂತೆ ಬರೆಯಿರಿ ಎಂದೆ. ಆಗ ಒಂದು ಅಡ್ಡದಾರಿಯೂ ಚೀಟಿಯಲ್ಲಿ ಬರುತ್ತದೆ. ತಂದೆಯ ಎಟಿಎಂ ಕಾರ್ಡಿನ ಗುಟ್ಟಿನ ಸಂಖ್ಯೆ ಮಗನಿಗೆ ಗೊತ್ತು, ತೆಗೆದರು, ಮುಗಿಯಿತು. ಬಹಳ ಮನೆಗಳಲ್ಲಿ ನಡೆಯುವುದು ಹೌದು. ಆದರೆ ಸತ್ತವರ ಕಾರ್ಡು ಬಳಸುವುದು ಕಾನೂನಿಗೆ ಒಪ್ಪಿಗೆಯಲ್ಲ. ತಂಗಿ ನಾಳೆ ತನ್ನ ಪಾಲು ಕೇಳಿದರೆ ಉತ್ತರವೂ ಇಲ್ಲ. ಆ ಚೀಟಿಯನ್ನು ಹಾಳೆಗೆ ಇಳಿಸಬೇಡಿ.

ಹಣ ಹತ್ತು ವರ್ಷ ಅಲುಗದೆ ಬಿದ್ದಿದ್ದರೆ, 2014ರ ಯೋಜನೆಯ ಪ್ರಕಾರ ಅದು ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಹೋದರೂ ಮುಳುಗುವುದಿಲ್ಲ. ಅದೇ ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು ಪಡೆಯಬಹುದು. ಯಾವ ಬ್ಯಾಂಕೆಂದೇ ತಿಳಿಯದಿದ್ದರೆ ರಿಸರ್ವ್ ಬ್ಯಾಂಕು 2023ರಲ್ಲಿ ತೆರೆದ ಉದ್ಗಮ್ ಎಂಬ ತಾಣದಲ್ಲಿ ಹೆಸರು ಹಾಕಿ ಹುಡುಕಬಹುದು, ಓದಿದ ಮಕ್ಕಳಿಗೆ ಹೇಳಿದರೆ ಮಾಡಿಕೊಡುತ್ತಾರೆ. ಹುಡುಕಲು ಮಾತ್ರ ಅದು. ಹಣಕ್ಕೆ ಬ್ಯಾಂಕಿಗೇ ಹೋಗಬೇಕು.

ಭಾಷೆಯ ಮಾತು ಬಂದರೆ, ಚೌಕದೊಳಗೆ ಮೇಲೆ ಕನ್ನಡ, ಕೆಳಗೆ ಮಲಯಾಳ, ಎರಡು ಸಾಲು ಬರೆಯಿರಿ. ನಾವೆಲ್ಲ ಮಲಯಾಳ ಮಾತಾಡುವವರೇ, ಆದರೆ ಕಾಗದದ ಮಲಯಾಳ ಬೇರೆ. ಫಾರಂ ಮೇಲೆ ಅಪೇಕ್ಷ ಎಂದು ಇದ್ದರೆ ಅರ್ಜಿ ಎಂದರ್ಥ, ನಮ್ಮ ಅಪೇಕ್ಷೆಯ ಸುದ್ದಿ ಅಲ್ಲ. ಅವಕಾಶಿ ಎಂದರೆ ವಾರಸುದಾರ. ಅನಂತರಾವಕಾಶಿ ಸರ್ಟಿಫಿಕೇಟು ತನ್ನಿ ಎಂದದ್ದನ್ನು ಕೇಳಿ, ಅನಂತರ ಅವಕಾಶ ಇದೆ ಎಂದು ತಿಳಿದು ಮನೆಗೆ ಬಂದರೆ ಕೆಲಸ ಕೆಟ್ಟಿತು. ಅದು ವಾರಸು ಸರ್ಟಿಫಿಕೇಟು, ತಾಲೂಕು ಕಚೇರಿಯದ್ದು. ವಿಲೇಜ್ ಆಫೀಸು, ತಾಲೂಕು ಕಚೇರಿಗಳಿಗೆ ನಮ್ಮ ಪ್ರದೇಶದಲ್ಲಿ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆಯಿಂದ ಬಂದದ್ದು. ಆ ಕಾಯಿದೆ ರಾಜ್ಯ ಸರ್ಕಾರದ ಕಚೇರಿಗಳಿಗೆ, ಬ್ಯಾಂಕಿಗೆ ಅಲ್ಲ. ಅಕ್ಕಲಕೋಟೆ, ಜತ್ತ, ತಾಳವಾಡಿ, ಮಡಕಶಿರದ ಕೇಳುಗರು ಕೆಳಗಿನ ಸಾಲಿಗೆ ತಮ್ಮ ತಮ್ಮ ರಾಜ್ಯದ ಕಚೇರಿಯ ಮಾತು ಹಾಕಿಕೊಳ್ಳಿ. ವಿಲೇಜ್ ಆಫೀಸಿನ ಕಾಲಮ್ಮಿಗೂ ಅಲ್ಲಿಯ ಹೆಸರು ಬರಲಿ. ಬ್ಯಾಂಕಿನ ನಿಯಮ ಎಲ್ಲರಿಗೂ ಒಂದೇ.

ನಕ್ಷೆ ಮುಗಿಯಿತು ಎಂದ ಮೇಲೆ ಪರೀಕ್ಷೆ ಮಾಡಬೇಕು. ಬರೆದವರೇ ಓದಿದರೆ ತಪ್ಪು ಕಾಣದು. ಈ ಕೆಲಸದ ಗಂಧವಿಲ್ಲದ ಒಬ್ಬರ ಕೈಗೆ, ಒಂಬತ್ತನೆಯ ತರಗತಿಯ ಹುಡುಗಿಯಾದರೂ ಸರಿ, ಕೊಟ್ಟು ಹೀಗೆ ಹೇಳಿ: “ಮಗಳೇ, ಅಜ್ಜ ಮಂಗಳೂರಲ್ಲಿ ತೀರಿಹೋದರು ಅಂತ ಇಟ್ಟುಕೋ, ನಾಮಿನಿ ಹಾಕಲಿಲ್ಲ, ಹೆಸರೂ ಹೊಂದುವುದಿಲ್ಲ. ಬೆರಳಿಟ್ಟು ಹೋಗು.” ಅವಳ ಬೆರಳು ಎಲ್ಲಿ ನಿಂತಿತೋ ಅಲ್ಲಿ ಒಂದು ಬಾಣ ಬಿಟ್ಟುಹೋಗಿದೆ. ಅಜ್ಜ ಅಲ್ಲೇ ಕುಳಿತು ಕೇಳುತ್ತಿದ್ದರೆ ಸ್ವಲ್ಪ ಮುಜುಗರ. ಆದರೆ ನಾಮಿನಿಯ ಸಂಗತಿ ಅವರಿಗೇ ನೆನಪಾದರೆ ಮರುದಿನವೇ ಬ್ಯಾಂಕಿಗೆ ಹೋಗಿ ಫಾರಂ ತುಂಬಿಸಿ ಬರುತ್ತಾರೆ, ಹಾಳೆಯ ಅರ್ಧ ಭಾಗದ ಅಗತ್ಯವೇ ತಪ್ಪುತ್ತದೆ.

ಕೊನೆಯದಾಗಿ ಹಾಳೆಯ ಬಲ ಮೂಲೆಯಲ್ಲಿ ತಾರೀಕು ಹಾಕಿ. 436 ಎಂದು ಬರೆದದ್ದು ಮುಂದೊಂದು ದಿನ ಬೇರೆಯಾಗಬಹುದು, ಮಿತಿಯೂ ಬದಲಾಗಬಹುದು. ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋದಾಗ ಕೇಳಿ ತಿದ್ದಿ, ತಿದ್ದಿದ ತಾರೀಕನ್ನೂ ಬರೆಯಿರಿ. ಸಂಖ್ಯೆಗಳನ್ನು ಪೆನ್ಸಿಲಿನಲ್ಲೂ ಗೆರೆಗಳನ್ನು ಶಾಯಿಯಲ್ಲೂ ಬರೆದರೆ ತಿದ್ದಲು ಸುಲಭ. ಒಂದು ಪ್ರತಿ ರೇಷನ್ ಕಾರ್ಡಿನ ಕವರಿನೊಳಗೆ ಇರಲಿ, ಇನ್ನೊಂದನ್ನು ಪಾಸ್‌ಬುಕ್ಕಿನ ಜತೆ ಇಡಿ.